ನಲವತ್ತೊಂದನೇ ನಂಬರಿನ ಫಿರಂಗಿ ಗುಂಡು

ಶನಿವಾರ ಬಂತೆಂದರೆ ಸಿರಿಲಾ, ಊರವರ ಬಾಯಲ್ಲಿ ಮರ್ಯಾದೆಯ ಞಾ ಸಿರಿಲಾ, ನಿಂಬೆಹೋಳು, ಒಲೆಯ ಬೂದಿ, ಹಳೆ ಬನಿಯನ್ನಿನ ಚೂರು ಹಿಡಿದುಕೊಂಡು ತಾನು ನೋಡಿಕೊಳ್ಳುತ್ತಿದ್ದ ಊರ ಮ್ಯೂಸಿಯಮ್ಮಿನ ಹಿತ್ತಾಳೆ ಸಾಮಾನು ತಿಕ್ಕಲು ಕೂರುತ್ತಿದ್ದಳು. ಅರವತ್ತು ವರ್ಷದ ಹಿಂದೆ ಬೊಲಿವಿಯಾದ ಜೊತೆ ನಡೆದ ಚಾಕೊ ಯುದ್ಧಕ್ಕೆ ಹೋಗಿ ಬಂದವರ ಬೆಲ್ಟಿನ ಬಕಲುಗಳು, ಒಂದು ತುತ್ತೂರಿ, ನೀರಿನ ಸೀಸೆಗಳ ಮುಚ್ಚಳ, ಎಲ್ಲಕ್ಕಿಂತ ಕೊನೆಗೆ ಬಾಗಿಲ ಪಕ್ಕದ ಮರದ ಪೀಠದ ಮೇಲಿದ್ದ ಫಿರಂಗಿ ಗುಂಡು. ಮೊಳದುದ್ದ, ಹದಿನೈದು ಕಿಲೋ ತೂಕ. ಮೈಯೆಲ್ಲ ತುಕ್ಕು ಹಿಡಿದಿದ್ದರೂ ಅದರ ಮೂತಿಯ ಹಿತ್ತಾಳೆ ಮಾತ್ರ ಚರ್ಚಿನ ಗಂಟೆಯ ಹಾಗೆ ಹೊಳೆಯುತ್ತಿತ್ತು. ಇಪ್ಪತ್ತೆರಡು ವರ್ಷ ಬಿಡದೆ ತಿಕ್ಕಿದರೆ ಹೊಳೆಯದೆ ಏನು ಮಾಡುತ್ತದೆ.

1993ರ ಆಗಸ್ಟಿನ ಒಂದು ಶನಿವಾರ ಅವಳು ಹಾಗೆ ಗುಂಡಿನ ಮೂತಿ ತಿಕ್ಕುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ಮೂವತ್ತೈದರ ಆಸುಪಾಸು, ಸೈನ್ಯದ ಕ್ರಾಪು, ಹೆಗಲಿಗೊಂದು ಬಟ್ಟೆಚೀಲ. ಊರಿನ ಲಾಪಾಚೊ ರೇವಿನಲ್ಲಿ ದೋಣಿಯ ಎಂಜಿನ್ ಕೆಟ್ಟು ನಿಂತಾಗ ಮಾತ್ರ ಹೊರಗಿನವರು ಮ್ಯೂಸಿಯಮ್ಮಿಗೆ ಬರುವುದು. ದೋಣಿ ತಿಂಗಳಿಗೆ ಎರಡು ಸಲವಾದರೂ ಕೆಡುತ್ತಿದ್ದುದರಿಂದ ಮ್ಯೂಸಿಯಮ್ಮು ಹೇಗೋ ನಡೆದುಕೊಂಡು ಹೋಗುತ್ತಿತ್ತು.

"ಒಳಗೆ ಬನ್ನಿ, ಕಾಲು ಒರೆಸ್ಕೊಂಡು ಬನ್ನಿ," ಎಂದಳು ಸಿರಿಲಾ, ತಲೆಯೆತ್ತದೆ.

ಅವನು ಬರಲಿಲ್ಲ. "ಅಮ್ಮಾ, ಆ ಬಟ್ಟೆ ಕೆಳಗಿಡಿ," ಎಂದ.

"ಯಾಕೆ?"

"ಮೊದಲು ಕೆಳಗಿಡಿ. ಮೆಲ್ಲಗೆ. ಇಟ್ಟು ನನ್ ಕಡೆ ಬನ್ನಿ."

ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಗದರಿಸಿದವಳಿಗೆ ಇನ್ನೊಬ್ಬರು ಹೀಗೆ ಅಪ್ಪಣೆ ಕೊಡುವುದು ಹಿಡಿಸುತ್ತಿರಲಿಲ್ಲ. ಆದರೂ ಅವನ ಮುಖದ ಬಣ್ಣ ನೋಡಿ ಎದ್ದು ಬಂದಳು. ಅವನ ಹೆಸರು ಬಾಲ್ಬುಯೇನಾ, ಸೈನ್ಯದ ಎಂಜಿನಿಯರಿಂಗ್ ಪಡೆಯಲ್ಲಿ ಸಾರ್ಜೆಂಟು. ಹಳೆಯ ಸಿಡಿಗುಂಡುಗಳನ್ನು ನಿಷ್ಕ್ರಿಯ ಮಾಡುವುದೇ ಅವನ ಕೆಲಸ. ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿ ಅವಳನ್ನು ಕೇಳಿದ.

"ಅದರ ಮೂತೀನ ಯಾರಾದ್ರೂ ಬಿಚ್ಚಿ ಒಳಗಿನ ಮದ್ದು ತೆಗೆದಿದಾರಾ?"

"ಬಿಚ್ಚೋದ್ಯಾಕೆ? ಚೆನ್ನಾಗೇ ಇದೆಯಲ್ಲ."

"ಚೆನ್ನಾಗೇ ಇದೆ. ಅದಕ್ಕೇ ಕೇಳ್ತಿರೋದು. ಅದು ಇನ್ನೂ ಸತ್ತಿಲ್ಲ, ಅಮ್ಮಾ. ಒಳಗೆ ಮದ್ದು ಹಂಗೇ ಇದೆ. ನೀವು ತಿಕ್ತಾ ಇದ್ದಿದ್ದು ಅದು ಸಿಡಿಯೋ ಜಾಗ."

ಸಿರಿಲಾ ಅಂಗಳದ ಬೇಲಿಗೂಟ ಹಿಡಿದು ನಿಂತಳು. ಆ ಗುಂಡಿನ ಮೇಲೆ ಕೈಯಿಟ್ಟುಕೊಂಡು ಪ್ರತಿ ವರ್ಷ ನಾಲ್ಕನೇ ಕ್ಲಾಸಿನ ಮಕ್ಕಳು ಫೋಟೊ ತೆಗೆಸಿಕೊಂಡಿದ್ದರು. ಪಾದ್ರಿಗಳು ಒಮ್ಮೆ ತಮ್ಮ ಗಿಟಾರನ್ನು ಅದಕ್ಕೆ ಒರಗಿಸಿದ್ದರು. ದೊಡ್ಡ ಪ್ರವಾಹ ಬಂದ ವರ್ಷ ಅದನ್ನು ದೋಣಿಗೆ ಹಾಕುವಾಗ ಒಂದು ಸಲ, ಇಳಿಸುವಾಗ ಒಂದು ಸಲ, ಒಟ್ಟು ಎರಡು ಸಲ ಕೈಜಾರಿ ಬೀಳಿಸಿದ್ದರು. ಎರಡನೇ ಸಲ ಬಿದ್ದಾಗ ಎಲ್ಲರೂ ನಕ್ಕಿದ್ದು ಅವಳಿಗೆ ನೆನಪಿತ್ತು.

"ಹಂಗಾದ್ರೆ ಈಗಲೇ ತಗೊಂಡು ಹೋಗಿ," ಎಂದಳು.

"ಬರಿಗೈಲಿ ಆಗಲ್ಲ. ಮೇಲಿಂದ ಹುಕುಂ ಬೇಕು, ಲಾರಿ ಬೇಕು, ಇಬ್ಬರು ಜನ ಬೇಕು. ನಾನೀಗ ರಜೆ ಮೇಲೆ ಮನೆಗೆ ಹೋಗ್ತಿದೀನಿ." ದೋಣಿಯ ಶಿಳ್ಳೆ ಕೇಳಿಸಿತು. ಅವನು ಸಿಗರೇಟು ಪ್ಯಾಕಿನ ಒಳಗಾಳೆಯ ಮೇಲೆ ಒಂದು ಫೋನ್ ನಂಬರು ಗೀಚಿಕೊಟ್ಟ. "ಬೀಗ ಹಾಕಿ. ಯಾರೂ ಮುಟ್ಟಬಾರದು. ಪೊಲೀಸಿಗೆ ಹೇಳಿ, ಇಲ್ಲಿನ ಸೈನ್ಯದವರಿಗೆ ಹೇಳಿ. ಅವರು ನೋಡ್ಕೋತಾರೆ."

ಅವರು ನೋಡಿಕೊಳ್ಳುತ್ತಾರೆ ಎಂಬ ಆ ಮಾತನ್ನು ಮುಂದಿನ ಮೂರು ವಾರ ಸಿರಿಲಾ ಎಷ್ಟು ಸಲ ಹಲ್ಲು ಕಚ್ಚಿಕೊಂಡು ನೆನೆಸಿಕೊಂಡಳೋ ಲೆಕ್ಕವಿಲ್ಲ.

ಪೊಲೀಸ್ ಠಾಣೆಯ ಅಧಿಕಾರಿ ಕೊಂಬಿನ ಲೋಟಕ್ಕೆ ಕೊಳವೆ ಹಾಕಿ ಎಲೆ ನೆನೆಸಿದ ತಣ್ಣನೆಯ ತೆರೆರೆ ಹೀರುತ್ತ ಎಲ್ಲವನ್ನೂ ಕೇಳಿಸಿಕೊಂಡ. ಕೊಳವೆ ಗೊರಗೊರ ಎನ್ನುವವರೆಗೆ ಹೀರಿ ಆಮೇಲೆ ಕೇಳಿದ. "ಅದು ಯಾರಿಗಾದ್ರೂ ಪೆಟ್ಟು ಮಾಡಿದೆಯಾ, ಞಾ ಸಿರಿಲಾ?"

"ಇನ್ನೂ ಇಲ್ಲ."

"ಯಾರಾದ್ರೂ ಅದನ್ನ ಕದ್ದಿದಾರಾ?"

"ಇಲ್ಲ."

"ಮತ್ತೆ ಕಂಪ್ಲೇಂಟಲ್ಲಿ ಏನಂತ ಬರ್ಕೊಳ್ಳಿ ಹೇಳಿ. ಅದು ಸೈನ್ಯದ ಸಾಮಾನು. ಸೈನ್ಯದವರಿಗೆ ಹೇಳಿ."

ನದಿದಂಡೆಯ ಸೈನ್ಯದ ಠಾಣ್ಯದಲ್ಲಿದ್ದ ಲೆಫ್ಟಿನೆಂಟಿಗೆ ಇಪ್ಪತ್ನಾಲ್ಕು ವರ್ಷವಿರಬಹುದು. ಬಹಳ ಮರ್ಯಾದಸ್ಥ ಹುಡುಗ. ಕುರ್ಚಿ ಕೊಟ್ಟ, ನೀರು ಕೊಟ್ಟ, ಗುಂಡಿನ ಅಳತೆ ಬರೆದುಕೊಂಡ, ಒಳಗೆ ಹೋಗಿ ಯಾವುದೋ ಪುಸ್ತಕ ತಿರುವಿ ಬಂದ.

"ಅಮ್ಮಾ, ಇದು ನಮ್ಮ ಸೈನ್ಯದ್ದಲ್ಲ. ಬೊಲಿವಿಯಾದವರದು."

"ಗೊತ್ತಪ್ಪ. ಅವರು ನಮ್ಮ ಮೇಲೆ ಹಾರಿಸಿದ್ದು ಅದು."

"ನಮ್ಮ ದಾಸ್ತಾನಿನ ಪಟ್ಟೀಲಿ ಇಲ್ಲದ ಸಾಮಾನನ್ನ ನಾನು ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ಬೊಲಿವಿಯಾಕ್ಕೆ ಕಾಗದ ಹಾಕ್ಲಾ? ಅರವತ್ತು ವರ್ಷದ ಹಿಂದೆ ನಿಮ್ಮದೊಂದು ಸಾಮಾನು ನಮ್ಮಲ್ಲಿ ಬಿಟ್ಟು ಹೋಗಿದೀರಿ, ಬಂದು ತಗೊಂಡು ಹೋಗಿ ಅಂತ?"

ಹುಡುಗ ನಿಜವಾಗಿಯೂ ಯೋಚಿಸಿದ. "ಅದು ವಿದೇಶಾಂಗ ಇಲಾಖೆ ಮೂಲಕ ಹೋಗಬೇಕಾಗುತ್ತೆ," ಎಂದ.

ಊರಿಗಿದ್ದುದು ಒಂದೇ ಟೆಲಿಫೋನ್ ಕಚೇರಿ. ನಿಲ್ಡಾ ಎಂಬಾಕೆ ಗುಂಡಿ ಒತ್ತಿ ಲೈನು ಕೊಡುತ್ತಿದ್ದಳು. ರಾಜಧಾನಿಗೆ ಕೇಳಿಸಬೇಕೆಂದರೆ ಕೂಗಬೇಕು. ಕೂಗಿದರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಸಿರಿಲಾ ಮೊದಲು ಸಾರ್ಜೆಂಟನ ನಂಬರಿಗೆ ಮಾಡಿಸಿದಳು. ಬಾಲ್ಬುಯೇನಾ ಸೆಪ್ಟೆಂಬರ್ ಇಪ್ಪತ್ತರವರೆಗೆ ರಜೆ, ಅವನ ಜಾಗದಲ್ಲಿ ಬೇರೆ ಯಾರೂ ಇಲ್ಲ ಎಂದು ಉತ್ತರ ಬಂತು. ಆಮೇಲೆ ರಾಜಧಾನಿಯಲ್ಲಿ ಮ್ಯೂಸಿಯಮ್ಮುಗಳನ್ನು ನೋಡಿಕೊಳ್ಳುವ ಕಚೇರಿಗೆ ಮಾಡಿಸಿದಳು. ಒಬ್ಬ ಹೆಂಗಸು ಅವಳನ್ನು ಕಾಯಿಸಿ, ಕಡತ ಹುಡುಕಿ, ಓದಿ ಹೇಳಿದಳು.

"ವಸ್ತು ನಂಬರ್ ನಲವತ್ತೊಂದು. ಫಿರಂಗಿ ಗುಂಡು, ಒಂದು. ಸ್ಥಿತಿ ಉತ್ತಮ. ಕೆಳಗೆ ನಿಮ್ಮದೇ ಸಹಿ ಇದೆಯಲ್ಲ."

"ಅದರ ಸ್ಥಿತಿ ಉತ್ತಮವಾಗಿದೆ ಅನ್ನೋದೇ ಈಗ ತೊಂದರೆ," ಎಂದು ಸಿರಿಲಾ ಕೂಗಿದಳು.

"ನಾಶ ಮಾಡಬೇಕಾದ್ರೆ ಸಮಿತಿ ಒಪ್ಪಿಗೆ ಬೇಕು. ಸಮಿತಿ ಸೇರೋದು ನವೆಂಬರಿನಲ್ಲಿ. ಮೂರು ಪ್ರತಿ ಅರ್ಜಿ ಕಳಿಸಿ. ಜೊತೆಗೆ ಫೋಟೊ. ಅಳತೆ ಗೊತ್ತಾಗೋ ಹಾಗೆ ಯಾರಾದ್ರೂ ಅದನ್ನ ಕೈಲಿ ಹಿಡ್ಕೊಂಡು ನಿಂತಿರಬೇಕು."

ಸಿರಿಲಾ ಫೋನು ಇಟ್ಟಳು. ಹೊರಗೆ ಸಾಲಿನಲ್ಲಿ ನಿಂತಿದ್ದವರೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಞಾ ಸಿರಿಲಾ, ನಾನು ಹಿಡ್ಕೊಂಡು ನಿಂತ್ಕೋತೀನಿ," ಎಂದ ಕಟುಕರ ಅಂಗಡಿಯವನು. "ಫೋಟೋದಲ್ಲಿ ನಂಗೆ ಮೀಸೆ ಚೆನ್ನಾಗಿ ಬರುತ್ತೆ."

"ನಿನ್ನ ಮೀಸೆ ನದಿ ಆಚೆ ದಡದಲ್ಲಿ ಹುಡುಕಬೇಕಾಗುತ್ತೆ," ಎಂದು ಅವಳು ಹೊರಟುಹೋದಳು.

ಮ್ಯೂಸಿಯಮ್ಮಿಗೆ ಬೀಗ ಹಾಕಿ, ಒಳಗೆ ಬರಬಾರದು ಎಂದು ಹಲಗೆ ತೂಗುಹಾಕಿದ ಮೇಲೆ ಊರಿಗೆ ಆ ಜಾಗದ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಹತ್ತು ವರ್ಷದಿಂದ ಒಳಗೆ ಕಾಲಿಡದವರೂ ಬಂದು, ನಮ್ಮ ತಾತನ ಟೋಪಿ ಒಳಗಿದೆ, ನೋಡದೆ ಇರುವುದು ಹೇಗೆ ಎಂದು ಕೇಳಿದರು. ಮ್ಯೂಸಿಯಮ್ಮಿನ ದೊಡ್ಡ ಕಡಾಯಿಯನ್ನು ಮದುವೆಗೆ ಎರವಲು ಒಯ್ಯಲು ಬಂದ ಒಂದು ಮನೆಯವರು ಜಗಳವಾಡಿಕೊಂಡೇ ಹೋದರು. ಅದು ಸೈನಿಕರಿಗೆ ಹುರುಳಿ ಬೇಯಿಸಿದ ಕಡಾಯಿ, ಎರವಲು ಕೊಡುವುದಿಲ್ಲ ಎಂದು ಸಿರಿಲಾ ಹೇಳುತ್ತಲೇ ಬಂದಿದ್ದಳು. ಜನ ಒಯ್ಯುತ್ತಲೇ ಇದ್ದರು.

ಮೇಯರ್ ಕ್ರಿಸ್ಪುಲೊ ಮೋಟಾರ್‌ಸೈಕಲ್ಲಿನಲ್ಲಿ ಬಂದ. ಅವನು ಸಿರಿಲಾಳ ಹಳೆಯ ವಿದ್ಯಾರ್ಥಿ.

"ಮೇಡಂ, ಸೆಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ ವಿಜಯ ದಿನ. ರಾಜಧಾನಿಯಿಂದ ಸರ್ಕಾರದ ಪ್ರತಿನಿಧಿ ಬರ್ತಿದಾರೆ. ಮ್ಯೂಸಿಯಂ ತೋರಿಸ್ತೀವಿ ಅಂತ ಕಾಗದದಲ್ಲಿ ಬರೆದಾಗಿದೆ. ನೀವು ಬೀಗ ಹಾಕಿದ್ರೆ ಹೆಂಗೆ?"

"ಒಳಗೆ ಸಿಡಿಗುಂಡಿದೆ, ಕ್ರಿಸ್ಪುಲೊ."

"ಬಾವುಟ ಹೊದಿಸಿಬಿಡೋಣ. ಕಾಣಿಸೋದೇ ಇಲ್ಲ."

"ಐದನೇ ಕ್ಲಾಸಲ್ಲಿ ಒಡೆದ ಕಿಟಕಿಗೆ ಭೂಪಟ ತೂಗುಹಾಕಿದ್ದು ನೀನೇ ಅಲ್ವಾ? ಆಗ ಹೊಡೆದದ್ದು ಸಾಲಲಿಲ್ಲ ಅನ್ಸುತ್ತೆ," ಎಂದಳು.

ಎಲ್ಲರಿಗಿಂತ ಹೆಚ್ಚು ಸಿಟ್ಟಾದವನು ದೋನ್ ಪೊಲಿಕಾರ್ಪೊ. ಎಂಬತ್ತು ವರ್ಷ, ಊರಿನಿಂದ ಯುದ್ಧಕ್ಕೆ ಹೋದವರಲ್ಲಿ ಬದುಕಿ ಉಳಿದಿದ್ದವನು ಅವನೊಬ್ಬನೇ. ಆ ಗುಂಡನ್ನು ಗೋಣಿಚೀಲದಲ್ಲಿ ಹೊತ್ತು, ರೈಲಿನಲ್ಲಿ, ದೋಣಿಯಲ್ಲಿ ಊರಿಗೆ ತಂದವನೂ ಅವನೇ. ಪ್ರತಿ ಗುರುವಾರ ಬಂದು ಅದರ ಪಕ್ಕದ ಬೆಂಚಿನ ಮೇಲೆ ಒಂದು ಗಂಟೆ ಕೂತು ಹೋಗುತ್ತಿದ್ದ. ಗೋಡೆಯ ಚೀಟಿಯಲ್ಲಿ ಸಿರಿಲಾ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: "ಜುಲೈ 1933, ನಾನಾವಾ ರಣರಂಗ. ನಮ್ಮ ಊರಿನ ನಾಲ್ವರು ಸೈನಿಕರ ನಡುವೆ ಬಿದ್ದ ಗುಂಡು. ಕಾಕುಪೆಯ ಕನ್ಯಾಮಾತೆಯ ಕೃಪೆಯಿಂದ ಸಿಡಿಯಲಿಲ್ಲ. ನಾಲ್ವರಲ್ಲಿ ಒಬ್ಬನಿಗೂ ಒಂದು ಗೀರು ಕೂಡ ಆಗಲಿಲ್ಲ."

"ಅರವತ್ತು ವರ್ಷ ಸುಮ್ಮನಿದ್ದದ್ದು ಈಗ ನಿನ್ನ ಮೇಲೆ ಸಿಡಿಯುತ್ತಾ, ಮಗಳೇ?" ಎಂದು ಅವನು ಬೀಗದ ಮುಂದೆ ನಿಂತು ಕೇಳಿದ.

"ನಂಗೊತ್ತಿಲ್ಲ, ದೋನ್ ಪೊಲಿ. ತಿಳಿದವನು ಬಂದು ಹೇಳಿದಾನೆ."

"ತಿಳಿದವನು. ಅವನು ಹುಟ್ಟೋಕೆ ಇಪ್ಪತ್ತೈದು ವರ್ಷ ಮುಂಚೆ ನಾನು ಅದರ ಪಕ್ಕ ಕೂತಿದ್ದೆ. ಬೀಗ ತೆಗಿ."

"ತೆಗೆಯಲ್ಲ."

ಅವನು ಊರುಗೋಲನ್ನು ನೆಲಕ್ಕೆ ಕುಟ್ಟಿ ಹೊರಟುಹೋದ. ಮುಂದಿನ ಗುರುವಾರವೂ ಬಂದ, ಬೀಗ ನೋಡಿದ, ವಾಪಸು ಹೋದ.

ಸೆಪ್ಟೆಂಬರ್ ಇಪ್ಪತ್ತನೇ ತಾರೀಕು, ಸೋಮವಾರ ಬೆಳಿಗ್ಗೆ, ಸಾರ್ಜೆಂಟನಿಗೆ ಫೋನು ಮಾಡಲು ಹೊರಟ ಸಿರಿಲಾ ದಾರಿಯಲ್ಲಿ ಮ್ಯೂಸಿಯಮ್ಮಿನ ಬಾಗಿಲು ತೆರೆದಿದ್ದುದನ್ನು ಕಂಡಳು. ಬೀಗ ಒಡೆದಿರಲಿಲ್ಲ, ಕೀಲಿಯಿಂದಲೇ ತೆಗೆದಿದ್ದರು. ಪೀಠದ ಮೇಲೆ ದುಂಡಗೆ ಒಂದು ಧೂಳಿಲ್ಲದ ಗುರುತು ಬಿಟ್ಟರೆ ಏನೂ ಇರಲಿಲ್ಲ.

ಇನ್ನೊಂದು ಕೀಲಿ ಇದ್ದುದು ಪುರಸಭೆಯಲ್ಲಿ. ಕ್ರಿಸ್ಪುಲೊ ತಪ್ಪಿಸಿಕೊಳ್ಳಲು ಕೂಡ ನೋಡಲಿಲ್ಲ.

"ಮುದುಕ ಬಂದು ಕೇಳಿದ, ಕೊಟ್ಟೆ. ಅವನು ತಂದದ್ದು, ಅವನೇ ತಗೊಂಡು ಹೋದ. ಈಗ ಮ್ಯೂಸಿಯಮ್ಮಲ್ಲಿ ಅಪಾಯ ಇಲ್ವಲ್ಲ, ಮೇಡಂ. ಬಾಗಿಲು ತೆಗೀರಿ, ಸುಣ್ಣ ಹೊಡೆಸೋಣ."

"ಹೆಂಗೆ ತಗೊಂಡು ಹೋದ?"

"ಕೈಗಾಡೀಲಿ."

ಪೊಲಿಕಾರ್ಪೊನ ಮನೆಯವರೆಗೆ ಕಲ್ಲುಗುಂಡಿಯಿಲ್ಲದ ಜಾಗವೇ ಇಲ್ಲದ ರಸ್ತೆ ಅದು. ಸಿರಿಲಾ ಬೈಯುವುದನ್ನೂ ಬಿಟ್ಟು ನಡೆಯತೊಡಗಿದಳು. ಅರವತ್ಮೂರರ ಮಂಡಿಗಳು ಓಡಲು ಬಿಡಲಿಲ್ಲ. ಬೀದಿಯುದ್ದಕ್ಕೂ ಲಾಪಾಚೊ ಮರಗಳು ಎಲೆಯುದುರಿಸಿ ಗುಲಾಬಿ ಹೂ ಬಿಟ್ಟು ನಿಂತಿದ್ದವು. ಅವಳು ನೆಲ ಬಿಟ್ಟು ಬೇರೇನೂ ನೋಡಲಿಲ್ಲ. ಕೈಗಾಡಿಯ ಚಕ್ರದ ಗೆರೆ ಒಂದೊಂದು ಹಳ್ಳಕ್ಕೂ ಇಳಿದು ಹತ್ತಿ ಹೋಗಿತ್ತು.

ಪೊಲಿಕಾರ್ಪೊ ತನ್ನ ವಿಧವೆ ಮಗಳು ಬಾಸಿಲಿಯಾಳ ಜೊತೆ ಇದ್ದ. ಬಾಸಿಲಿಯಾ ಚೀಸ್ ಹಾಕಿದ ಚಿಪಾ ರೊಟ್ಟಿ ಸುಟ್ಟು ರೇವಿನಲ್ಲಿ ಮಾರುತ್ತಿದ್ದಳು. ಹಿತ್ತಲಿನ ಮಣ್ಣಿನ ಗೂಡೊಲೆ ಕೆಂಪಗೆ ಕಾದಿತ್ತು. ಅವಳು ಉದ್ದ ಹಿಡಿಯ ಸಲಿಕೆಯಿಂದ ಚಿಪಾ ಒಳಗೆ ತಳ್ಳುತ್ತಿದ್ದಳು. ಒಲೆಯಿಂದ ಎರಡು ಮಾರು ದೂರದಲ್ಲಿ ನಲವತ್ತೊಂದನೇ ನಂಬರಿನ ವಸ್ತು ನೆಟ್ಟಗೆ ನಿಂತಿತ್ತು. ಅದರ ಮೂತಿಯ ಮೇಲೆ ಹಸಿ ಚಿಪಾದ ತಟ್ಟೆ. ಪಕ್ಕದಲ್ಲಿ ಮುದುಕ ಕುರ್ಚಿ ಹಾಕಿಕೊಂಡು ಕೂತಿದ್ದ.

"ಬಾಸಿಲಿಯಾ," ಎಂದಳು ಸಿರಿಲಾ. "ಬೆಂಕಿ ಆರಿಸು."

"ಚಿಪಾ ಒಳಗಿದೆ, ಞಾ ಸಿರಿಲಾ. ಇನ್ನೊಂದು ಐದು ನಿಮಿಷ."

"ಚಿಪಾ ಹಾಳಾಗಿ ಹೋಗಲಿ. ಆ ತಟ್ಟೆ ತೆಗಿ. ಮೆಲ್ಲಗೆ ತೆಗಿ. ತೆಗೆದು ಬೀದಿಗೆ ಹೋಗು."

"ಅಪ್ಪ ಏನೂ ಆಗಲ್ಲ ಅಂದ್ರು."

"ನಿಮ್ಮಪ್ಪ ಹೇಳಿದ್ದು ನಂಗೆ ಬೇಡ."

ಬಾಸಿಲಿಯಾ ಗೊಣಗುತ್ತ ತಟ್ಟೆ ಎತ್ತಿದಳು, ಒಲೆಗೆ ಬಕೆಟ್ಟು ನೀರು ಹೊಯ್ದಳು. ಹಿತ್ತಲ ತುಂಬ ಹೊಗೆ ಏರಿತು. ಅವಳು ಬೇಲಿಯವರೆಗೆ ಹೋಗಿ, ಅಪ್ಪನನ್ನು ಬಿಟ್ಟು ಹೋಗಲಾರದೆ ಅಲ್ಲೇ ನಿಂತಳು. ಸಿರಿಲಾ ಹೊಗೆಯ ನಡುವೆ ಒಂದು ಖಾಲಿ ಪೆಟ್ಟಿಗೆ ಎಳೆದು ಮುದುಕನ ಎದುರು ಕೂತಳು. ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಸಾಕಾಗಿಹೋಗಿತ್ತು.

"ನೀವು ಏಳೋವರೆಗೆ ನಾನೂ ಏಳಲ್ಲ, ದೋನ್ ಪೊಲಿ. ಪೊಲೀಸು ಬೇಡ ಅಂದ, ಸೈನ್ಯ ಬೇಡ ಅಂತು, ರಾಜಧಾನಿಯವಳು ಫೋಟೊ ಕೇಳಿದ್ಲು, ಮೇಯರ್ ಬಾವುಟ ಹೊದಿಸ್ತೀನಿ ಅಂದ. ಈಗ ನೀವು ಒಲೆ ಪಕ್ಕ ತಂದು ಇಟ್ಟಿದೀರಿ. ಇಡೀ ಊರಲ್ಲಿ ಬುದ್ಧಿ ಇರೋಳು ನಾನೊಬ್ಬಳೇನಾ? ನಂಗೂ ಬೇಡವಾಗಿದೆ ಈ ಬುದ್ಧಿ."

ಮುದುಕ ಗುಂಡಿನ ಮೂತಿಯ ಮೇಲೆ ಬಿದ್ದಿದ್ದ ಹಿಟ್ಟನ್ನು ಬೆರಳಿಂದ ಒರೆಸಿದ.

"ಮುಟ್ಟಬೇಡಿ," ಎಂದಳು ಸಿರಿಲಾ.

"ಇದಕ್ಕೆ ದೆಲ್ಫಿನ್ ಬಂದೂಕಿನ ಹಿಡಿಯಿಂದ ಹೊಡೆದಿದ್ದ," ಎಂದ ಪೊಲಿಕಾರ್ಪೊ. "ಮೂರು ಸಲ. ಒಳಗೆ ಯಾರಾದ್ರೂ ಇದೀರಾ ಅಂತ ಕೇಳಿ ಕೇಳಿ ಹೊಡೆದ. ನಾವು ಹೊಟ್ಟೆ ಹಿಡ್ಕೊಂಡು ನಕ್ವಿ."

ಈ ಭಾಗವನ್ನು ಸಿರಿಲಾ ಎಂದೂ ಕೇಳಿರಲಿಲ್ಲ.

"ನೀರಿನ ಲಾರಿ ಬರುತ್ತೆ ಅಂತ ಕಾಯ್ತಿದ್ವಿ. ಎರಡು ದಿನದಿಂದ ನೀರಿಲ್ಲ. ದೆಲ್ಫಿನ್, ಸೆಲ್ಸೊ, ಇರಿನೆಯೊ, ನಾನು. ಇದು ಬಂದು ನಮ್ಮ ಮಧ್ಯ ಮಣ್ಣಿಗೆ ಹೊಕ್ಕೊಂಡಿತು. ಸಿಡೀಲಿಲ್ಲ. ಬೊಲಿವಿಯಾದವರಿಗೆ ಗುಂಡು ಮಾಡೋಕೂ ಬರಲ್ಲ ಅಂದ ಸೆಲ್ಸೊ. ಅಗೆದು ತೆಗೆದ್ವಿ. ಸರದಿ ಮೇಲೆ ಇದರ ಮೇಲೆ ಕೂತ್ವಿ. ಇರಿನೆಯೊ ಕುದುರೆ ಸವಾರಿ ಮಾಡೋ ಥರ ಕೂತಿದ್ದ."

"ಆಮೇಲೆ?"

"ಆಮೇಲೆ ಮಾರನೇ ದಿನ ಇನ್ನೊಂದು ಬಂತು. ಶಬ್ದ ಕೇಳಿಸ್ತು. ಬರೋದು ಗೊತ್ತಾಯ್ತು. ಹಳ್ಳಕ್ಕೆ ಹಾರೋಕೆ ಹೊತ್ತಿತ್ತು, ಸಿರಿಲಾ. ಬೇಕಾದಷ್ಟು ಹೊತ್ತಿತ್ತು. ಯಾರೂ ಏಳಲಿಲ್ಲ. ಇದೂ ಹಂಗೇ ಅಂದ ದೆಲ್ಫಿನ್. ನಾನು ಉಚ್ಚೆಗೆ ಅಂತ ಮರದ ಹಿಂದೆ ಹೋಗಿದ್ದೆ."

ಬೇಲಿಯ ಹತ್ತಿರ ಬಾಸಿಲಿಯಾ ಕೈಯಲ್ಲಿದ್ದ ತಟ್ಟೆಯನ್ನು ನೆಲದ ಮೇಲಿಟ್ಟಳು. ಅವಳಿಗೂ ಇದು ಹೊಸದಾಗಿತ್ತು.

ಸಿರಿಲಾಳಿಗೆ ಸಿಟ್ಟು ಬಂತು. "ಇಪ್ಪತ್ತೆರಡು ವರ್ಷ ನಾನು ಆ ಚೀಟಿ ಮಕ್ಕಳಿಗೆ ಓದಿ ಹೇಳಿದೀನಿ. ಒಬ್ಬನಿಗೂ ಗೀರು ಕೂಡ ಆಗಲಿಲ್ಲ ಅಂತ. ನೀವು ಪಕ್ಕದಲ್ಲೇ ಕೂತು ಕೇಳ್ತಿದ್ರಿ. ಒಂದು ದಿನ ಹೇಳೋಕೆ ಆಗಲಿಲ್ವಾ?"

"ಗುಂಡು ಹೆಂಗೆ ಬಂತು ಅಂತ ನೀನು ಕೇಳಿದೆ, ಹೇಳಿದೆ. ಅವರು ಹೆಂಗೆ ಹೋದ್ರು ಅಂತ ಯಾರು ಕೇಳಿದ್ರು? ದೆಲ್ಫಿನ್‌ನ ಅವ್ವ ಕೇಳಿದ್ಲು, ರೇವಿನಲ್ಲಿ, ನಾನು ದೋಣಿ ಇಳೀತಿದ್ದಂಗೆ. ಜ್ವರ ಬಂದು ನಿದ್ದೇಲಿ ಹೋದ ಅಂದೆ. ನಕ್ಕೊಂಡು ಕೂತಿದ್ದ, ಏಳಲಿಲ್ಲ ಅಂತ ಹೇಳೋಕಾಗುತ್ತಾ?" ಅವನು ಗುಂಡನ್ನೇ ನೋಡುತ್ತಿದ್ದ. "ಅವರು ಕೊನೇಲಿ ಕೂತಿದ್ದು ಇದರ ಮೇಲೆ. ಇದನ್ನೂ ಸಿಡಿಸಿಬಿಟ್ರೆ ಎಲ್ಲಿ ಹೋಗಿ ಕೂರಲಿ ನಾನು?"

ಒಲೆಯೊಳಗೆ ಕೆಂಡ ಚಟಚಟ ಅಂದಿತು. ಸಿರಿಲಾ ಬೆಚ್ಚಿದಳು, ಅವನು ಬೆಚ್ಚಲಿಲ್ಲ.

"ಅಲ್ಲಿ ನೋಡಿ," ಎಂದಳು. "ನಿಮ್ಮ ಮಗಳು ಬೇಲಿ ದಾಟಿ ಹೋಗಿಲ್ಲ. ನೀವು ಕೂತಿದೀರಿ ಅಂತ ಅವಳೂ ನಿಂತಿದಾಳೆ. ಆವತ್ತು ಹೊತ್ತಿತ್ತು, ಯಾರೂ ಏಳಲಿಲ್ಲ ಅಂದ್ರಲ್ಲ. ಇವತ್ತೂ ಹೊತ್ತಿದೆ, ದೋನ್ ಪೊಲಿ. ಏಳಿ."

ಅವನು ಬೇಲಿಯ ಕಡೆ ತಿರುಗಿ ಮಗಳನ್ನು ನೋಡಿದ. ಆಮೇಲೆ ಊರುಗೋಲಿಗೆ ಕೈ ಚಾಚಿದ. ಸಿರಿಲಾ ತೋಳು ಕೊಟ್ಟಳು. ಇಬ್ಬರೂ ನೀರು ಬಿದ್ದು ಕೆಸರಾದ ಹಿತ್ತಲಿನಲ್ಲಿ ಒಂದೊಂದೇ ಹೆಜ್ಜೆಯಿಟ್ಟು ಬೀದಿಗೆ ಬಂದರು. ಬೀದಿಯಲ್ಲಿ ಅವಳು ಕಲ್ಲಿನ ಮೇಲೆ ಕೂತುಬಿಟ್ಟಳು. ಮುದುಕನೇ ಅವಳಿಗೆ ನೀರು ತರಿಸಿಕೊಟ್ಟ.

ಅಂದೇ ಮಧ್ಯಾಹ್ನ ನಿಲ್ಡಾಳ ಕಚೇರಿಯಿಂದ ಲೈನು ಸಿಕ್ಕಿತು. ಬಾಲ್ಬುಯೇನಾ ಕೆಲಸಕ್ಕೆ ಮರಳಿದ್ದ.

"ಏನು, ಇನ್ನೂ ಅದು ಅಲ್ಲೇ ಇದೆಯಾ?" ಎಂದು ಅವನು ಬೆರಗಾಗಿ ಕೇಳಿದ.

"ಅಲ್ಲಿಲ್ಲ. ಚಿಪಾ ಒಲೆ ಹತ್ತಿರ ಇದೆ," ಎಂದಳು. "ಹೊರಡ್ತೀನಿ," ಎಂದ. "ಅಲ್ಲಿಂದ ಒಂದು ಕಾಗದ ಬೇಕು, ಜವಾಬ್ದಾರಿ ಇರೋರ ಸಹಿ ಹಾಕಿ."

ಸಿರಿಲಾ ಮನೆಗೆ ಹೋಗಿ ದಾಖಲೆ ಪುಸ್ತಕ ತೆಗೆದು, ನಲವತ್ತೊಂದರ ಮುಂದೆ "ಸ್ಥಿತಿ ಉತ್ತಮ" ಎಂಬುದಕ್ಕೆ ಅಡ್ಡಗೆರೆ ಎಳೆದು, "ಜೀವಂತವಾಗಿದೆ, ತೆಗೆಯತಕ್ಕದ್ದು" ಎಂದು ಬರೆದು ಸಹಿ ಹಾಕಿದಳು. ಸಮಿತಿ ನವೆಂಬರಿನಲ್ಲಿ ಸೇರಿ ಏನು ಬೇಕಾದರೂ ಮಾಡಿಕೊಳ್ಳಲಿ ಎನ್ನಿಸಿತು.

ಲಾರಿ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಅಕ್ಕಪಕ್ಕದ ಮನೆಗಳನ್ನು ಖಾಲಿ ಮಾಡಿಸುವುದೇ ಸಿರಿಲಾಳ ಪಾಡಾಯಿತು. ಒಂದು ಬಾಗಿಲಿಂದ ಹೊರಡಿಸಿದವರು, ಕೋಳಿಗೆ ಕಾಳು ಹಾಕಿ ಬರುತ್ತೇನೆ ಎಂದು ಇನ್ನೊಂದು ಬಾಗಿಲಿಂದ ಒಳಗೆ ಬರುತ್ತಿದ್ದರು. ಕಾವಲಿಗೆಂದು ಬಂದ ಪೊಲೀಸಿನವನು ನೆರಳು ಅಲ್ಲೇ ಚೆನ್ನಾಗಿದೆಯೆಂದು ಅದೇ ಬೇಲಿಗೆ ಒರಗಿ ನಿದ್ದೆ ಹೋದ. ಅವಳು ಎರಡು ಸಲ ಎಬ್ಬಿಸಿ ಕಳಿಸಿ, ಮೂರನೇ ಸಲ ಕೈಬಿಟ್ಟಳು.

ಬಾಲ್ಬುಯೇನಾ ಮತ್ತು ಅವನ ಇಬ್ಬರು ಆಳುಗಳು ಗುಂಡನ್ನು ಮರಳು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಹಸುಗೂಸನ್ನು ಒಯ್ಯುವಂತೆ ಒಯ್ದು, ನದಿಯ ತಿರುವಿನಾಚೆ ಮರಳುದಿಬ್ಬದಲ್ಲಿ ಗುಂಡಿ ತೋಡಿ ಇಳಿಸಿದರು. ಯಾರೂ ಬರಬಾರದು ಎಂದು ಸಾರಿದ್ದರಿಂದ ಊರೆಲ್ಲ ಬಂದಿತ್ತು. ಬಾಸಿಲಿಯಾ ಪಕ್ಕದ ಮನೆಯ ಒಲೆಯಲ್ಲಿ ಸುಟ್ಟ ಚಿಪಾ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮಾರುತ್ತಿದ್ದಳು. ಏಣಿ ಹತ್ತಿದವರು, ಮರ ಹತ್ತಿದವರು, ಕುರ್ಚಿ ತಂದವರು. ಸಾರ್ಜೆಂಟು ಮೂರು ಸಲ ಹಿಂದಕ್ಕೆ ಅಟ್ಟಿದ. ಜನ ಮೂರು ಸಲ ಮುಂದಕ್ಕೆ ಬಂದರು. ಕೊನೆಗೆ ಸಿರಿಲಾ ಶಾಲೆಯ ಗಂಟೆ ತರಿಸಿ ಬಡಿದು, ಒಬ್ಬೊಬ್ಬರ ಹೆಸರು ಹಿಡಿದು ಕರೆದು ಗದರಿಸಿದ ಮೇಲೆ ದಿಬ್ಬದ ಹಿಂದೆ ಹೋಗಿ ಕೂತರು. ಅವರಲ್ಲಿ ಮುಕ್ಕಾಲುಪಾಲು ಅವಳ ಹಳೆಯ ವಿದ್ಯಾರ್ಥಿಗಳೇ.

ಮೇಯರ್ ಎದ್ದು, "ನಮ್ಮ ವೀರ ಪೂರ್ವಜರು," ಎಂದು ಶುರು ಮಾಡಿದ. ಅಷ್ಟರಲ್ಲಿ ಗುಂಡು ಸಿಡಿಯಿತು.

ನೆಲ ಕಾಲಡಿಯಲ್ಲಿ ಒಮ್ಮೆ ಎದ್ದು ಕೂತ ಹಾಗಾಯಿತು. ಮರಳು, ಕರಿಹೊಗೆ ಮರಗಳ ತುದಿಗಿಂತ ಮೇಲೆ ಹೋದವು. ಚರ್ಚಿನ ಮೂರು ಕಿಟಕಿಗಾಜು ಒಡೆದವು; ರಸ್ತೆಯ ಲಾಪಾಚೊ ಮರಗಳು ಇದ್ದಬದ್ದ ಹೂವನ್ನೆಲ್ಲ ಒಂದೇ ಸಲಕ್ಕೆ ಉದುರಿಸಿದವು. ಮಕ್ಕಳು ಅಳತೊಡಗಿದರು. ಕಟುಕರ ಅಂಗಡಿಯವನು ಮೀಸೆಯ ಮೇಲೆ ಕೈಯಿಟ್ಟುಕೊಂಡು ಬಾಯಿ ತೆರೆದು ನಿಂತಿದ್ದ. ಅಣಕಿಸಿದ್ದವರಲ್ಲಿ ಒಬ್ಬರೂ ಸಿರಿಲಾಳ ಮುಖ ನೋಡಲಿಲ್ಲ.

ಪೊಲಿಕಾರ್ಪೊ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಹೊಗೆ ಕರಗುವವರೆಗೆ ನೋಡಿ, "ಇನ್ನೊಂದು ಇದಕ್ಕಿಂತ ಜೋರಾಗಿತ್ತು," ಎಂದ. ಆಮೇಲೆ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

ಮಾರನೇ ಬೆಳಿಗ್ಗೆ ಮ್ಯೂಸಿಯಮ್ಮಿನ ಜಗುಲಿ ಗುಡಿಸಲು ಬಂದ ಸಿರಿಲಾ ಪೊರಕೆ ಹಿಡಿದವಳು ಹಾಗೇ ನಿಂತಳು. ಜಗುಲಿಯ ಉದ್ದಕ್ಕೂ ಹನ್ನೊಂದು ಸಾಮಾನುಗಳಿದ್ದವು. ಏಳು ಕೈಬಾಂಬು, ಮೂರು ಸಣ್ಣ ಗುಂಡು, ಹೆಸರೇ ಗೊತ್ತಾಗದ ಇನ್ನೊಂದು. ಒಂದು ಕಾಲುಚೀಲದೊಳಗಿತ್ತು. ಒಂದಕ್ಕೆ ಬಾಗಿಲು ಬಡಿಯದಂತೆ ಇಡುತ್ತಿದ್ದ ಗುರುತಾಗಿ ಸುಣ್ಣದ ಕಲೆ. ಒಂದರ ಮೇಲೆ ಮಕ್ಕಳು ಕಣ್ಣು, ಮೂಗು ಬರೆದಿದ್ದರು. ಅರವತ್ತು ವರ್ಷದಿಂದ ಊರಿನ ಮನೆಮನೆಯಲ್ಲಿ, ಮಂಚದ ಕೆಳಗೆ, ಹಿಟ್ಟಿನ ಡಬ್ಬದ ಪಕ್ಕ ಇದ್ದವು. ಇದುವರೆಗೆ ಮ್ಯೂಸಿಯಮ್ಮಿಗೆ ಏನಾದರೂ ಕೊಡಿ ಎಂದು ಕೇಳಿದಾಗಲೆಲ್ಲ ಜನ ಒಡೆದ ಕೆಟಲು, ಕಾಲು ಮುರಿದ ಕುರ್ಚಿ ತಂದುಕೊಟ್ಟಿದ್ದರು.

ಊರು ಬಿಡಲು ಲಾರಿ ಹತ್ತುತ್ತಿದ್ದ ಬಾಲ್ಬುಯೇನಾನನ್ನು ಕರೆತಂದರು. ಅವನು ಜಗುಲಿ ನೋಡಿ, ಚೀಲ ಕೆಳಗಿಟ್ಟು, ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಈ ಊರು ಇಷ್ಟು ದಿನ ಹೆಂಗೆ ಉಳ್ಕೊಂಡಿತು, ಅಮ್ಮಾ?"

"ನನ್ನ ಕೇಳಬೇಡಿ," ಎಂದಳು ಸಿರಿಲಾ. ಬೀದಿಯಲ್ಲಿ ಗುಂಪು ಸೇರಿದ್ದವರ ಕಡೆ ತಿರುಗಿ ಪೊರಕೆಯನ್ನು ಎತ್ತಿ ಹಿಡಿದಳು. "ಹತ್ತಿರ ಬಂದವರ ಕಾಲು ಮುರೀತೀನಿ. ತಂದಿಟ್ಟು ಓಡಿಹೋದ್ರೆ ಆಗಲ್ಲ. ಆ ಮಾವಿನ ಮರದ ಕೆಳಗೆ ಸಾಲಾಗಿ ನಿಲ್ಲಿ. ಯಾರ ಮನೇದು, ಯಾರು ತಂದದ್ದು, ಎಲ್ಲಿಂದ ತಂದದ್ದು, ಅವರ ಜೊತೆ ಇದ್ದೋರು ಏನಾದ್ರು, ಎಲ್ಲ ಹೇಳಿ ಹೋಗಬೇಕು."

"ಅಷ್ಟೆಲ್ಲ ನಮಗೆ ಗೊತ್ತಿಲ್ಲ, ಞಾ ಸಿರಿಲಾ," ಎಂದಳು ಒಬ್ಬಳು.

"ಗೊತ್ತಿರೋರನ್ನ ಮನೆಯಿಂದ ಕರ್ಕೊಂಡು ಬಾ."

ಅವಳು ಮಧ್ಯಾಹ್ನದವರೆಗೆ ಬರೆದಳು. ಮೊದಲನೇ ನೋಟ್‌ಬುಕ್ಕು ಮುಗಿದು ಎರಡನೆಯದಕ್ಕೆ ಬಂದಳು. ಯಾರೂ ನೇರವಾಗಿ ವಿಷಯಕ್ಕೆ ಬರುತ್ತಿರಲಿಲ್ಲ. ಅಜ್ಜನ ಮದುವೆ, ಕಳೆದ ಹಸು, ಅಣ್ಣತಮ್ಮಂದಿರ ಜಮೀನಿನ ಜಗಳ ಎಲ್ಲ ದಾಟಿಕೊಂಡು ಯುದ್ಧಕ್ಕೆ ಬರಬೇಕಾಗಿತ್ತು. ಅವಳು ತಲೆ ಚಚ್ಚಿಕೊಂಡು ಎಲ್ಲವನ್ನೂ ಬರೆದುಕೊಂಡಳು.

ಇಪ್ಪತ್ತೊಂಬತ್ತಕ್ಕೆ ಮ್ಯೂಸಿಯಮ್ಮು ತೆರೆಯಿತು. ಗೋಡೆಗೆ ಸುಣ್ಣ ಹೊಡೆದಿತ್ತು. ಬಾಗಿಲ ಪಕ್ಕದ ಪೀಠ ಖಾಲಿಯಿತ್ತು. ಅದರ ಹಿಂದೆ ಹೊಸ ಚೀಟಿ, ಹಿಂದಿನದರ ನಾಲ್ಕರಷ್ಟು ಉದ್ದ. ದೆಲ್ಫಿನ್ ಒವಿಯೆದೊ, ಸೆಲ್ಸೊ ಮಾರೆಕೊ, ಇರಿನೆಯೊ ಪೆರಾಲ್ತಾ, ಮೂವರ ಹೆಸರೂ ಇದ್ದವು. ಪೊಲಿಕಾರ್ಪೊ ಅದನ್ನು ಎರಡು ಸಲ ಓದಿಸಿ ಕೇಳಿದ್ದ. ಖಾಲಿ ಪೀಠ ಪ್ರತಿನಿಧಿಯ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ, ಒಂದು ಹೂಕುಂಡವನ್ನಾದರೂ ಇಡೋಣ ಎಂದ ಕ್ರಿಸ್ಪುಲೊನನ್ನು ಸಿರಿಲಾ ಹೊರಗೆ ಕಳಿಸಿದ್ದಳು.

ಪ್ರತಿನಿಧಿ ಹನ್ನೊಂದು ಗಂಟೆಗೆ ಬಂದ. ಹತ್ತು ನಿಮಿಷದಲ್ಲಿ ಎಲ್ಲ ನೋಡಿ ಮುಗಿಸಿ, ಬಾಗಿಲಿಗೆ ಬಂದವನು ಸೌಜನ್ಯಕ್ಕೆಂಬಂತೆ, "ಇಲ್ಲಿ ಏನಿತ್ತು?" ಎಂದು ಕೇಳಿದ.

ಬೆಂಚಿನ ಮೇಲಿದ್ದ ಪೊಲಿಕಾರ್ಪೊ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಕೂತ್ಕೊಳ್ಳಿ," ಎಂದ. "ಎರಡು ದಿನದಿಂದ ನೀರಿರಲಿಲ್ಲ. ನಾವು ನಾಲ್ಕು ಜನ ಇದ್ವಿ."

ಹೊರಗೆ ಚೌಕದಲ್ಲಿ ಮಾಂಸ ಸುಡುವ ವಾಸನೆ ಬರುತ್ತಿತ್ತು, ಬ್ಯಾಂಡಿನವರು ಕಾಯುತ್ತಿದ್ದರು. ಮೇಯರ್ ಮೊದಲು ಗಡಿಯಾರ ನೋಡಿದ, ಆಮೇಲೆ ಕೆಮ್ಮಿದ, ಆಮೇಲೆ ಸಿರಿಲಾಳ ಕಡೆ ನೋಡಿ ಕೈಸನ್ನೆ ಮಾಡಿದ. ಸಿರಿಲಾ ಅವನನ್ನು ನೋಡದ ಹಾಗೆ ಹೋಗಿ ಬಾಗಿಲಿಗೆ ಅಡ್ಡವಾಗಿ ನಿಂತಳು. ಮುದುಕ ಮಾತು ಮುಗಿಸುವ ಹೊತ್ತಿಗೆ ಮಾಂಸ ತಣ್ಣಗಾಗಿತ್ತು. ಪ್ರತಿನಿಧಿ ಎದ್ದವನು ಟೋಪಿ ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡು ಹೊರಗೆ ಹೋದ.